ಕೇಸ್ ಆಗಲ್ಲ ಅಂದ್ರೆ ಸಾಕಾ?

ಮಾನ್ಯ ಸಂಪಾದಕರೇ,

ಗದ್ದೆ ತೆನೆ ಬಿಡುವ ಹೊತ್ತಿಗೆ ಮಲೆನಾಡಿನಲ್ಲಿ ಒಂದು ಮಾತು ಏಳುತ್ತದೆ: ಕಾಡುಹಂದಿ ಹೊಡೆಯಲು ರೈತರಿಗೆ ಬಿಡಿ. ನಾನೂ ಗದ್ದೆ ಇರುವವನೇ. ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಏನು ಮಾಡಿ ಹೋಗುತ್ತದೆ ಅಂತ ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿದ್ದೇನೆ. ಹಾಗಾಗಿ ಬಿಡಬೇಡಿ ಅನ್ನಲು ಈ ಪತ್ರ ಬರೆಯುತ್ತಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಬೇಲಿಯಲ್ಲಿ ಹಂದಿಗೆ ಅಂತ ಹಾಕಿದ್ದ ಬೈಕಿನ ಕ್ಲಚ್ ವೈರಿನ ಉರುಳಿಗೆ ಚಿರತೆ ಸೊಂಟ ಕೊಟ್ಟು ಬಿದ್ದಿತ್ತು. ನೋಡಲು ಹೋದವರೆಲ್ಲ ಮಾತಾಡಿದ್ದು ಒಂದೇ. ಜಾಗ ಯಾರದ್ದು, ಉರುಳು ಯಾರು ಹಾಕಿದ್ದು, ಕೇಸ್ ಆಗುತ್ತಾ? ಅದು ಎಷ್ಟು ಹೊತ್ತಿನಿಂದ ಹಾಗೆ ಒದ್ದಾಡುತ್ತಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಹಾಕುವುದೂ ಬೇಟೆ, ಹಳು (ಪೊದೆಕಾಡು) ನುಗ್ಗಿ ಪ್ರಾಣಿಯನ್ನು ಓಡಿಸುವುದೂ ಬೇಟೆ. ಆದರೆ 11ನೇ ಸೆಕ್ಷನ್‌ನಲ್ಲಿ ಒಂದು ಕಿಂಡಿ ಇದೆ. ಬೆಳೆಗೆ ಅಪಾಯ ಎಂದು ಕಂಡರೆ ಹಂದಿಯಂಥ ಪ್ರಾಣಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಸರಿ, ಕೊಡಲಿ. ಆ ಕಾಗದ ಹಿಡಿದು ರಾತ್ರಿ ಈಡು ಹಾರಿಸಿ, ಹೊಟ್ಟೆಗೆ ಏಟು ಬಿದ್ದ ಹಂದಿ ಹಳುವಿಗೆ ನುಗ್ಗಿದ ಮೇಲೆ ಸುಮ್ನೆ ಮನೆಗೆ ಬಂದು ಮಲಗಿದರೆ? ಕಾಗದ ಇದೆ, ಕೇಸ್ ಇಲ್ಲ. ಹಂದಿ ಮಾತ್ರ ಹಳುವಿನಲ್ಲಿ ನರಳಿ ನರಳಿ ಸಾಯಬೇಕು.

ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಶೋಕಿಗೇ ಶಿಕಾರಿ ಮಾಡುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಆದರೆ ಗಾಯವಾದ ಪ್ರಾಣಿಯ ರಕ್ತದ ಜಾಡು ಹಿಡಿದು ಹೋಗದವನನ್ನು ಮುಂದಿನ ಸಲ ಯಾರೂ ಕರೆಯುತ್ತಿರಲಿಲ್ಲವಂತೆ. ಮರಿ ಜೊತೆಗಿರುವ ಹೆಣ್ಣಿಗೆ ಕೋವಿ ಎತ್ತುವಂತಿರಲಿಲ್ಲ. ಇದನ್ನು ಯಾವ ಸರ್ಕಾರವೂ ಬರೆದು ಕೊಟ್ಟಿರಲಿಲ್ಲ. ಅಜ್ಜ ದೊಡ್ಡ ಸಂತರೇನಲ್ಲ ಬಿಡಿ, ಕಾಡುಕುರಿಯ ಕಣ್ಣಿಗೆ ಬ್ಯಾಟರಿ ಬಿಟ್ಟು ಹೊಡೆದದ್ದನ್ನೂ ನಗುತ್ತಲೇ ಹೇಳುತ್ತಿದ್ದರು.

ಅನುಮತಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅನ್ನುವವರು ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯಲು ಮಾಡುತ್ತಿದ್ದ ಖೆಡ್ಡಾ ನೆನೆಯಬೇಕು. ಆನೆ ಹಿಂಡನ್ನು ಹೊಳೆಗೆ ಅಟ್ಟಿ, ಅತಿಥಿಗಳನ್ನು ಕೂರಿಸಿ ತೋರಿಸುತ್ತಿದ್ದರು. 1971ರಲ್ಲಿ ಕೊನೆಯದು ನಡೆದಾಗಲೂ ಅದು ಸರ್ಕಾರದ್ದೇ ಕಾರ್ಯಕ್ರಮ, ಅಲ್ವಾ?

ಅನುಮತಿ ಕೊಡುವುದಾದರೆ ಅದರಲ್ಲೇ ಇಷ್ಟು ಬರೆಯಲಿ: ಗುರಿ ಇಡಲು ಬರುವವನೇ ಹೊಡೆಯಬೇಕು, ಗಾಯವಾದ ಹಂದಿಯನ್ನು ಹುಡುಕಿ ಮುಗಿಸಬೇಕು, ಸಿಗದಿದ್ದರೆ ಬೆಳಿಗ್ಗೆಯೇ ಫಾರೆಸ್ಟ್‌ನವರಿಗೆ ತಿಳಿಸಬೇಕು. ಉರುಳು ಹಾಕುವವರಿಗೆ ಅನುಮತಿಯ ಮಾತೇ ಬರುವುದಿಲ್ಲ. ಅವರ ಹತ್ತಿರ ಊರಿನವರೇ ಮಾತಾಡಬೇಕು, ನಾನು ಆವತ್ತು ಆಡದೆ ಬಂದ ಮಾತು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು