ರೇಡಿಯೇಟರ್ ಕೂರಿಸುವ ಕ್ರಮದಲ್ಲಿನ ಬದಲಾವಣೆ ಕುರಿತು

ಮಾನ್ಯ ಗ್ರಾಹಕರೇ,

ಹಳೆಯ ಕಾರಿನ ರೇಡಿಯೇಟರ್ (ಎಂಜಿನ್ನಿನ ನೀರನ್ನು ತಣಿಸುವ ಭಾಗ) ಅಲುಗಾಡುತ್ತಿದೆ ಎಂದು ನೀವು ಬಂದಾಗಲೆಲ್ಲ ಅದರ ಅಡಿಯ ಸವೆದ ಪ್ಯಾಡ್ ತೆಗೆದು, ಅದಕ್ಕಿಂತ ಗಟ್ಟಿಯಾದುದನ್ನು ಹಾಕಿ, ಕಿಂಚಿತ್ತೂ ಕದಲದಂತೆ ಬೋಲ್ಟ್ ಬಿಗಿದು ಕಳಿಸುತ್ತಿದ್ದೆವು. ಈ ಕ್ರಮವನ್ನು ಇನ್ನು ಮುಂದೆ ಕೈಬಿಡುತ್ತಿದ್ದೇವೆ. ಅದು ನಮ್ಮಿಂದಾದ ತಪ್ಪು.

ಹಾಗೆ ಬಿಗಿದು ಕಳಿಸಿದ ಕಾರೊಂದು ಕೆಲವೇ ತಿಂಗಳಲ್ಲಿ ಮರಳಿ ಬಂತು. ರೇಡಿಯೇಟರ್ ಅಲುಗುತ್ತಿರಲಿಲ್ಲ, ನಿಜ. ಆದರೆ ಕೆಳಗಿನ ಟ್ಯಾಂಕಿನ ಮೂಲೆಯಲ್ಲಿ ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಬಿಟ್ಟು, ನೀರು ಒಸರಿ, ಹಿತ್ತಾಳೆಯ ಮೇಲೆ ಹಸಿರು ಗೆರೆ ಕಟ್ಟಿತ್ತು. ಒಂದೇ ಒಂದು ಮುಂಚಕ್ರವನ್ನು ಜಾಕಿಯಿಂದ ಎತ್ತಿದಾಗ, ಬಾನೆಟ್ಟಿಗೂ ರೇಡಿಯೇಟರಿಗೂ ನಡುವಿನ ಸಂದು ಒಂದು ಬದಿಯಲ್ಲಿ ಕಿರಿದಾಗಿ ಇನ್ನೊಂದು ಬದಿಯಲ್ಲಿ ಅಗಲವಾದದ್ದು ಕಣ್ಣಿಗೇ ಕಾಣಿಸಿತು. ಹಳೆಯ ಕಾರುಗಳ ಏಣಿಯಾಕಾರದ ಚಾಸಿ, ಅಂದರೆ ಕಾರಿನ ಅಡಿಚೌಕಟ್ಟು, ರಸ್ತೆಯ ಏರುತಗ್ಗಿಗೆ ತಕ್ಕಂತೆ ತಿರುಚಿಕೊಳ್ಳುತ್ತದೆ. ತಾಮ್ರ, ಹಿತ್ತಾಳೆಗಳನ್ನು ತವರ-ಸೀಸದ ಬೆಸುಗೆಯಿಂದ ಕೂಡಿಸಿದ ರೇಡಿಯೇಟರಿಗೆ ಹಾಗೆ ತಿರುಚಿಕೊಳ್ಳುವ ಗುಣವಿಲ್ಲ. ಆ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುವಷ್ಟು ಮೃದುವಾದದ್ದು. ಎಂಜಿನ್ ಬಿಸಿಯಾಗಿರುವಾಗ ಮತ್ತೆ ಮತ್ತೆ ಬೀಳುವ ತಿರುಚನ್ನು ಅದು ಬಹುಕಾಲ ತಾಳಲಾರದು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ರೇಡಿಯೇಟರಿನ ಬೋಲ್ಟುಗಳಿಗೆ ಸ್ಪ್ರಿಂಗ್ ಕೊಟ್ಟಿದ್ದುದೇ ಈ ಕಾರಣಕ್ಕೆ. ಅದನ್ನು ಬಲ್ಲ ನಾವೇ ಬಿಗಿದು ಕೂರಿಸಿದ್ದು ನಮಗೆ ನೋವಿನ ಸಂಗತಿ.

ಇನ್ನು ಮುಂದೆ ಮೂಲ ವಿನ್ಯಾಸದಲ್ಲಿ ಇದ್ದಂತೆ ಸ್ಪ್ರಿಂಗನ್ನೋ, ರೇಡಿಯೇಟರನ್ನು ಹಿಡಿದಿರುವ ಬ್ರಾಕೆಟ್ಟಿನ ಮೇಲೂ ಕೆಳಗೂ ಮೆದು ರಬ್ಬರನ್ನೋ ಹಾಕುತ್ತೇವೆ. ನಟ್ ಎಷ್ಟೇ ತಿರುಗಿಸಿದರೂ ರಬ್ಬರ್ ನಜ್ಜುಗುಜ್ಜಾಗದಂತೆ ಒಳಗೆ ಅಳತೆಗೆ ಕತ್ತರಿಸಿದ ಉಕ್ಕಿನ ಕೊಳವೆಯಿರುತ್ತದೆ. ನಟ್ ಸಡಿಲಗೊಳ್ಳದಂತೆ ತಡೆಯುವುದು ಬೋಲ್ಟಿನ ಅಡ್ಡತೂತಿನಲ್ಲಿ ತೂರಿಸಿ ತುದಿ ಬಗ್ಗಿಸುವ ಸ್ಪ್ಲಿಟ್ ಪಿನ್, ಬಿಗಿತವಲ್ಲ. ಬೋಲ್ಟಿನ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ದಪ್ಪ ಬೋಲ್ಟ್ ತುರುಕದೆ ಬುಷ್ (ತೂತಿನೊಳಗೆ ಕೂರುವ ಬಳೆ) ಕೂರಿಸುತ್ತೇವೆ. ರೇಡಿಯೇಟರಿನ ನೆತ್ತಿಯಿಂದ ಹಿಂದಕ್ಕೆ ಹೋಗುವ ಆಧಾರದ ಸರಳನ್ನು ಕಟ್ಟಕಡೆಗೆ, ಅದು ಎಳೆಯದೆ ತಳ್ಳದೆ ಇರುವಂತೆ ಹೊಂದಿಸಿ, ಫ್ಯಾನನ್ನು ಕೈಯಿಂದ ಪೂರ್ತಿ ಸುತ್ತಿಸಿ ರೆಕ್ಕೆಗೂ ಜಾಲರಿಗೂ ಇರುವ ಅಂತರವನ್ನು ಪರೀಕ್ಷಿಸುತ್ತೇವೆ.

ಇದರಿಂದ ಎರಡು ವ್ಯತ್ಯಾಸಗಳು ನಿಮ್ಮ ಗಮನಕ್ಕೆ ಬರುತ್ತವೆ. ಕಾರು ನಮ್ಮಲ್ಲಿ ಮೊದಲಿಗಿಂತ ಎರಡು ದಿನ ಹೆಚ್ಚು ನಿಲ್ಲಬೇಕಾಗುತ್ತದೆ. ಕೈಯಿಂದ ಅಲುಗಿಸಿದರೆ ರೇಡಿಯೇಟರ್ ತುಸು ಮಿಸುಕುತ್ತದೆ; ಅದನ್ನು ದೋಷವೆಂದು ತಿಳಿದು ದಯವಿಟ್ಟು ಯಾರಿಂದಲೂ ಬಿಗಿಸಬೇಡಿ. ಆದರೆ ಟಣಟಣ ಸದ್ದು ಬಂದರೆ ಅಥವಾ ಹೋಸ್ ಉಜ್ಜಿದ ಗುರುತು ಕಂಡರೆ ತಡಮಾಡದೆ ತಿಳಿಸಿ. ಹೊಸ ರಬ್ಬರ್ ಅದುಮಿ ಕೂತುಕೊಳ್ಳುವುದರಿಂದ 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಕಾರು ತಂದರೆ ಶುಲ್ಕವಿಲ್ಲದೆ ಪರೀಕ್ಷಿಸಿ ಕೊಡುತ್ತೇವೆ.

ಹಿಂದೆ ನಮ್ಮಲ್ಲಿ ಬಿಗಿಸಿಕೊಂಡು ಹೋದವರೆಲ್ಲರ ಕಾರುಗಳನ್ನೂ ಈ ಹೊಸ ಕ್ರಮಕ್ಕೆ ನಮ್ಮದೇ ಖರ್ಚಿನಲ್ಲಿ ಬದಲಾಯಿಸುತ್ತೇವೆ. ಕೆಳಗಿನ ಟ್ಯಾಂಕಿನ ಮೂಲೆಗಳಲ್ಲಿ ಹಸಿರು ಗೆರೆ ಕಂಡವರು ಕಾರು ಓಡಿಸದೆ ಮೊದಲು ನಮಗೆ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಪರವಾಗಿ