ಮೊದಲು ಕತ್ತರಿಯವನನ್ನು ಕೇಳಿ, ಆಮೇಲೆ ಪ್ರಿಂಟ್ ಮಾಡಿಸಿ

ಸಂಪಾದಕರೇ,

ಕೋಟಿನ ಲೈನಿಂಗ್‌ಗೆ, ಅಂದರೆ ಒಳಗಡೆ ಹೊಲಿಯುವ ಅಸ್ತರಿಗೆ, ನಮ್ಮದೇ ಫೋಟೊ ಪ್ರಿಂಟ್ ಮಾಡಿಸಿಕೊಳ್ಳುವ ಹೊಸ ಹುಚ್ಚಿನ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಹೊಲಿಯುವವನ ಮಾತು ಅದರಲ್ಲಿ ಒಂದೂ ಇರಲಿಲ್ಲ. ನಾನು ಕೋಟು ಹೊಲಿಯುವವನು, ಅದಕ್ಕೇ ಈ ಪತ್ರ.

ಈಚೆಗೆ ಹೆಣ್ಣುಮಗಳೊಬ್ಬರು ತೀರಿಕೊಂಡ ತಂದೆಯ ಫೋಟೊ ಪ್ರಿಂಟ್ ಹಾಕಿಸಿದ ಬಟ್ಟೆ ತಂದರು. ಮುಖ ಬೆನ್ನಿನ ನಟ್ಟನಡುವೆ ಬರಬೇಕೆಂದು ಅವರ ಆಸೆ. ತೊಂದರೆಯೆಂದರೆ, ಲೈನಿಂಗ್‌ನ ಬೆನ್ನಿನಲ್ಲಿ ನಡುವೆಯೇ ಉದ್ದಕ್ಕೆ ಒಂದು ನೆರಿಗೆ ಬಿಡುತ್ತೇವೆ. ಕೈ ಮುಂದಕ್ಕೆ ಚಾಚಿದಾಗ ಮೇಲಿನ ಉಣ್ಣೆಬಟ್ಟೆ ಒಂಚೂರು ಹಿಗ್ಗುತ್ತದೆ, ಲೈನಿಂಗ್ ಹಿಗ್ಗುವುದಿಲ್ಲ. ನೆರಿಗೆ ಇಲ್ಲದಿದ್ದರೆ ಕಂಕುಳ ಹತ್ತಿರ ಪಿಸಿದುಹೋಗುತ್ತದೆ. ಒಂದು ಇಂಚಿನ ನೆರಿಗೆ ಅಂದರೆ ಎರಡು ಇಂಚು ಬಟ್ಟೆ ಮಡಿಕೆಯೊಳಗೆ. ಗುಂಡುಸೂಜಿ ಚುಚ್ಚಿ ಮಡಿಸಿ ತೋರಿಸಿದೆ. ಮೂಗು ಮಾಯವಾಗಿ ಎರಡು ಕಣ್ಣೂ ಒಂದಕ್ಕೊಂದು ತಾಗಿಕೊಂಡವು. ಆಕೆ ಬಟ್ಟೆ ಬಿಡಿಸಿದರು, ಕೈಯಿಂದ ಸವರಿದರು, ಮತ್ತೆ ತಾವೇ ಮಡಿಸಿ ನೋಡಿದರು.

ಪ್ರಿಂಟ್ ಹಾಕಿದವರು ಇದು ಯಾವ ಉಡುಪಿಗೆ ಎಂದು ಕೇಳಿರಲೇ ಇಲ್ಲವಂತೆ. ಫೋಟೊ ಕೂಡ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಸವೆದದ್ದು. ಬಟ್ಟೆಗೆ ಇಂಚಿಗೆ 150 ಚುಕ್ಕೆ (ಪಿಕ್ಸೆಲ್) ಇದ್ದರೆ ಚಿತ್ರ ಸ್ಪಷ್ಟವಾಗಿರುತ್ತದೆ. ಅಂದರೆ ಅಗಲಕ್ಕೆ 4000 ಪಿಕ್ಸೆಲ್ ಇರುವ ಫೋಟೊವನ್ನು 26 ಇಂಚಿನವರೆಗೂ ಹಿಗ್ಗಿಸಬಹುದು. 1600ಕ್ಕೆ ಇಳಿದದ್ದು ಹತ್ತೂವರೆ ಇಂಚಿಗೇ ಸುಸ್ತಾಗುತ್ತದೆ.

ನಾನು ಕಾಗದದಲ್ಲಿ ಕೋಟಿನ ಪ್ಯಾಟರ್ನ್ ಕತ್ತರಿಸಿ, ನೆರಿಗೆ, ಹೊಲಿಗೆ, ಜೇಬು ಎಲ್ಲೆಲ್ಲಿ ಬರುತ್ತವೆಂದು ಗುರುತು ಹಾಕಿಕೊಟ್ಟೆ. ಮೂಲ ಫೋಟೊ ಹುಡುಕಿ ತಂದರು. ಎರಡನೇ ಸಲ ಮುಖ ಎಡಗಡೆ ಒಳಜೇಬಿನ ಕೆಳಗೆ, ಅಂಗೈಯಗಲ ಬಂತು. ಬೆನ್ನಿಗಿಂತ ಅದೇ ಸರಿಯಾದ ಜಾಗ ಎಂದು ನನ್ನ ಅಭಿಪ್ರಾಯ. ಕೋಟು ತೆರೆದರೆ ತೊಟ್ಟವರಿಗೇ ಕಾಣುತ್ತದೆ. ಉದ್ದ ಕೋಟಾದರೆ ಸೊಂಟದ ಕೆಳಗಂತೂ ಹಿರಿಯರ ಮುಖ ಬೇಡ ಮಾರಾಯ್ರೇ, ಕುರ್ಚಿಯಲ್ಲಿ ಅವರ ಮೇಲೇ ಕೂತಂತಾಗುತ್ತದೆ!

ಬಟ್ಟೆಯದು ಇನ್ನೊಂದು ಕಥೆ. ಸಬ್ಲಿಮೇಶನ್ ಪ್ರಿಂಟ್‌ನಲ್ಲಿ ಸುಮಾರು 200 ಡಿಗ್ರಿ ಶಾಖಕ್ಕೆ ಬಣ್ಣ ಆವಿಯಾಗಿ ನೂಲಿನೊಳಕ್ಕೆ ಇಳಿಯುತ್ತದೆ. ಇದು ಪಾಲಿಯೆಸ್ಟರ್‌ಗೆ ಹೇಳಿಮಾಡಿಸಿದ ಕೆಲಸ, ರೇಷ್ಮೆಗೋ ವಿಸ್ಕೋಸ್‌ಗೋ ಹಿಡಿಯುವುದಿಲ್ಲ. ಅವಕ್ಕೆ ಬೇರೆ ಶಾಯಿ, ಮೇಲೆ ಹಬೆ ಕೊಟ್ಟು ತೊಳೆಯಬೇಕು. ಪಾಲಿಯೆಸ್ಟರ್ ಬೆವರು ಹೀರದು, ಮೈಗೆ ಅಂಟುತ್ತದೆ. ಸಾಲದ್ದಕ್ಕೆ ಜೋರು ಬಿಸಿಯ ಇಸ್ತ್ರಿ ಇಟ್ಟರೆ ಇಳಿದ ಬಣ್ಣ ಮತ್ತೆ ಎದ್ದು ಮೇಲಿನ ಬಟ್ಟೆಗೆ ಹತ್ತಬಹುದು, ತಿಳಿಬಣ್ಣದ ಕೋಟಾದರೆ ಮುಗಿಯಿತು. ಮೊದಲು ಗೇಣುದ್ದ ತುಂಡಿಗೆ ಪ್ರಿಂಟ್ ಹಾಕಿಸಿ, ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ.

ಪ್ರಿಂಟ್ ಹಾಕುವವರಲ್ಲಿ ನನ್ನದೊಂದು ವಿನಂತಿ. ಆರ್ಡರ್ ಚೀಟಿಯಲ್ಲಿ ಮೂರು ಖಾನೆ ಇಡಿ: ಯಾವ ಉಡುಪು, ನೆರಿಗೆ ಎಲ್ಲಿ, ಜೇಬು ಎಲ್ಲಿ. ಗಿರಾಕಿಗೆ ಗೊತ್ತಿಲ್ಲದಿದ್ದರೆ ಟೈಲರ್ ಹತ್ತಿರ ಕೇಳಿಕೊಂಡು ಬರಲಿ. ನಾಲ್ಕನೇ ಖಾನೆಯನ್ನು, ಅಂದರೆ ಬಟ್ಟೆ ಯಾವುದು ಎಂಬುದನ್ನು, ನೀವೇ ತುಂಬಿಕೊಡಿ.

– ಕೋಟು ಹೊಲಿಯುವ ಒಬ್ಬ ಓದುಗ