ನೀನು ಕಳಿಸಿದ ಮಂಗಟ್ಟೆ

ಪ್ರಿಯ ಗಣಪತಿ,

ದಾಂಡೇಲಿಯ ಫೋಟೊಗಳನ್ನು ನೋಡಿದೆ. ನೀನು ಗ್ರೇಟ್ ಹಾರ್ನ್‌ಬಿಲ್ ಅಂದುಕೊಂಡ ಮಂಗಟ್ಟೆ (ಹಾರ್ನ್‌ಬಿಲ್‌ಗೆ ನಮ್ಮ ಹೆಸರು) ಅದಲ್ಲ ಮಾರಾಯ, ಮಲಬಾರ್ ಪೈಡ್ ಹಾರ್ನ್‌ಬಿಲ್. ಬೇಜಾರಾಗಬೇಡ. ಗ್ರೇಟ್ ಹಾರ್ನ್‌ಬಿಲ್ ನೋಡಲು ಸುಮಾತ್ರಾಕ್ಕೆ ಹೋದರೂ ಆದೀತು, ಪೈಡ್ ಇರುವುದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ.

ಕೊಕ್ಕಿನ ಮೇಲೆ ಅಷ್ಟು ದೊಡ್ಡ ಕೊಂಬು ಕಂಡರೆ ಸಾಕು, ಎಲ್ಲರ ಬಾಯಲ್ಲೂ ‘ಗ್ರೇಟ್’ ಬಂದುಬಿಡುತ್ತದೆ. ನೀನು ಮೊದಲು ಕುತ್ತಿಗೆ ನೋಡು. ನಿನ್ನ ಹಕ್ಕಿಯದು ಅಪ್ಪಟ ಕಪ್ಪು. ಗ್ರೇಟ್ ಆಗಿದ್ದರೆ ಹಳದಿ ಬಳಿದ ಬಿಳಿ ಇರುತ್ತಿತ್ತು. ಆ ಹಳದಿ ಅದು ತಾನೇ ಹಚ್ಚಿಕೊಳ್ಳುವ ಬಣ್ಣ, ಗೊತ್ತಾ? ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಗೆ ಕೊಕ್ಕು, ತಲೆ ಉಜ್ಜಿ ಕೊಂಬಿಗೂ ರೆಕ್ಕೆಯ ಬಿಳಿ ಪಟ್ಟೆಗೂ ಸವರಿಕೊಳ್ಳುತ್ತದೆ. ಆಮೇಲೆ ಬಾಲ. ಗ್ರೇಟ್‌ನ ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದು ಅಗಲವಾದ ಕಪ್ಪು ಪಟ್ಟಿ. ಪೈಡ್‌ಗೆ ನಡುವಿನ ಗರಿ ಕಪ್ಪು, ಅಂಚಿನವು ಪೂರ್ತಿ ಬಿಳಿ. ಹಾರುವಾಗ ರೆಕ್ಕೆಯ ಹಿಂದಂಚಿನಲ್ಲಷ್ಟೇ ಬಿಳಿ ಕಂಡರೆ ಪೈಡ್, ರೆಕ್ಕೆಯ ನಡುವೆಯೂ ಒಂದು ಪಟ್ಟೆ ಇದ್ದರೆ ಗ್ರೇಟ್. ಕಾಡು ದಟ್ಟವಾಗಿ ಏನೂ ಕಾಣದಿದ್ದರೆ ಕಿವಿ ಇದೆಯಲ್ಲ: ಗ್ರೇಟ್ ತಲೆಯ ಮೇಲೆ ಹಾದರೆ ಇಬ್ಬರು ಕೂಡಿ ದಿಮ್ಮಿಗೆ ಗರಗಸ ಎಳೆದಂಥ ಸದ್ದು.

ನಿನ್ನದು ನೆಲದಲ್ಲಿ ಮಣ್ಣಾಟ ಆಡುತ್ತಿದೆ. ದಾಂಡೇಲಿ ಸುತ್ತ ಪೈಡ್‌ಗಳು ಮಣ್ಣುಸ್ನಾನಕ್ಕೆ ಇಳಿಯುವುದುಂಟು, ಅದಕ್ಕೇ ಫೋಟೊದವರ ಸಂತೆ ಅಲ್ಲಿ.

ಕೊಂಬೇ ಇಲ್ಲದ, ಕಾಡೊಳಗೆ ಗಹಗಹಿಸಿ ನಕ್ಕಂತೆ ಕೂಗುವ ಬೂದು ಹಕ್ಕಿ ಮಲಬಾರ್ ಗ್ರೇ ಎಂಬ ಇನ್ನೊಂದು ಮಂಗಟ್ಟೆ. ಅದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಚೂಪು ಕೊಂಬಿನ ಬೂದು ಮಂಗಟ್ಟೆಯನ್ನು ಒಣ ಕಾಡಿನ ಕಡೆ ಹುಡುಕಬೇಕು.

ಇನ್ನು ಗೂಡಿನ ವಿಚಾರ. ಗೈಡ್ ಮರದ ಬುಡಕ್ಕೇ ಕರೆದೊಯ್ದ ಅಂತ ಖುಷಿಯಿಂದ ಬರೆದಿದ್ದೀಯ. ನನಗೆ ಖುಷಿಯಾಗಲಿಲ್ಲ. ಪೊಟರೆಯೊಳಗೆ ಹೆಣ್ಣು ಕೂತಿರುತ್ತದೆ. ತನ್ನದೇ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ಒಳಗೆ ಹಾರುವ ಗರಿಗಳೆಲ್ಲ ಉದುರಿರುತ್ತವೆ. ಗಂಡು ಗಂಟಲ ತುಂಬ ಅತ್ತಿಹಣ್ಣು ತುಂಬಿಕೊಂಡು ಬಂದು, ಒಂದೊಂದನ್ನೇ ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಡುತ್ತದೆ. ಪಕ್ಕದಲ್ಲಿ ಜನ ಕಂಡರೆ ಅದು ಗೂಡಿಗೆ ಬರದೆ ದೂರದ ಕೊಂಬೆಯಲ್ಲೇ ಕೂರುತ್ತದೆ. ಒಳಗಿರುವವರಿಗೆ ಅಷ್ಟು ಹೊತ್ತು ಉಪವಾಸ. ಪೈಡ್‌ನ ತಾಯಿ ಮರಿ ಹಾರುವವರೆಗೂ ಒಳಗೇ ಇರುತ್ತದೆ. ಗ್ರೇಟ್‌ನ ತಾಯಿ ಮೊದಲೇ ಗೋಡೆ ಒಡೆದು ಹೊರಬರುತ್ತದೆ, ಆಗ ಒಳಗುಳಿದ ಮರಿಯೇ ಮತ್ತೆ ಗೋಡೆ ಮೆತ್ತಿಕೊಳ್ಳುತ್ತದೆ! ಯಾರೂ ಕಲಿಸದ ಗಾರೆ ಕೆಲಸ.

ಮರಿಗಳು ಹಾರಿಹೋದ ಮೇಲೆ, ಮಳೆ ಹಿಡಿಯುವ ಹೊತ್ತಿಗೆ, ಬುಡಕ್ಕೆ ಬೇಕಾದರೆ ಹೋಗು. ಅಲ್ಲಿ ಬಿದ್ದ ಬೀಜ ಕೆದಕಿದರೆ ಒಂದು ಸಂಸಾರದ ಊಟದ ಲೆಕ್ಕ ಸಿಗುತ್ತದೆ. ರಾಮಪತ್ರೆಯಂಥ (ಕಾಡು ಜಾಯಿಕಾಯಿ) ದೊಡ್ಡ ಬೀಜವನ್ನು ಸಣ್ಣ ಹಕ್ಕಿ ನುಂಗಲಾರದು. ಇವು ಇಡೀ ನುಂಗಿ, ಮೇಲಿನ ಕೆಂಪು ಪತ್ರೆಯನ್ನಷ್ಟೇ ಅರಗಿಸಿಕೊಂಡು, ಬೀಜವನ್ನು ಎಲ್ಲೋ ದೂರದಲ್ಲಿ ಕಕ್ಕುತ್ತವೆ. ಗೂಡಿಗೆ ಹಳೆಯ, ದಪ್ಪ, ಪೊಟರೆಬಿದ್ದ ಮರವೇ ಬೇಕು. ಇವು ತಾವಾಗಿ ಮರ ಕೊರೆಯುವುದಿಲ್ಲ. ನಾಟಾ ಲೆಕ್ಕದಲ್ಲಿ ಪೊಟರೆ ಮರ ದಂಡ, ಇವುಗಳ ಲೆಕ್ಕದಲ್ಲಿ ಅದೇ ಆಸ್ತಿ. ಕಾಳಿ ನದಿ ದಂಡೆಯ 52.5 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಳ್ಳೆಯದೇ ಆಯಿತು. ಆದರೆ ಹಕ್ಕಿಗೆ ಗಡಿ ಗೊತ್ತಿಲ್ಲ, ಹಣ್ಣಾದ ಗೋಳಿಮರ ಎಲ್ಲಿದ್ದರೆ ಅಲ್ಲಿಗೆ ಹೋಗುತ್ತದೆ.

ಗಂಡೋ ಹೆಣ್ಣೋ ಅಂತಲೂ ಕೇಳಿದ್ದೀಯ. ಪೈಡ್‌ನಲ್ಲಿ ಕಣ್ಣಿನ ಸುತ್ತಲಿನ ಬೋಳು ಚರ್ಮ ಗಂಡಿಗೆ ನೀಲಿಗಪ್ಪು, ಹೆಣ್ಣಿಗೆ ಬಿಳಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಹಿಗ್ಗಿಸಿದರೆ ಬರೀ ಚೌಕಗಳು ಕಾಣುತ್ತಿವೆ. ಕ್ಯಾಮೆರಾದ ಮೂಲ ಫೈಲನ್ನು ಮೇಲ್ ಮಾಡು, ನೋಡಿ ಹೇಳುತ್ತೇನೆ. ಗೂಡಿನ ಜಾಗದ ಲೊಕೇಶನ್ ಮಾತ್ರ ಫೇಸ್‌ಬುಕ್ಕಿಗೆ ಹಾಕಬೇಡ.

ನಿನ್ನ,
ರಾಘು